ಹೇಳುವ ಕಥೆ, ಬರೆಯುವ ಕಥೆ

ಪ್ರಶ್ನೆ: ನನಗೀಗ 58 ವರ್ಷ. ಮಳೆಗಾಲದ ಸಂಜೆ ಬಚ್ಚಲ ಒಲೆಯ ಕೆಂಡದಲ್ಲಿ ಹಲಸಿನ ಬೀಜ ಸುಡುತ್ತ ಅಜ್ಜಿ ಹೇಳುತ್ತಿದ್ದ ಕಥೆಗಳನ್ನು ಕೇಳಿ ಬೆಳೆದವಳು ನಾನು. ನಾವು ಹೂಂಗುಟ್ಟುವುದನ್ನು ಬಿಟ್ಟರೆ ಅಜ್ಜಿ ಕಥೆಯನ್ನೇ ನಿಲ್ಲಿಸುತ್ತಿದ್ದರು. ಅವನ್ನು ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳಿದ್ದೇನೆ. ನಾನೇ ಕಟ್ಟಿದ ಕಥೆಗಳು ಮೂರು ನೋಟ್‌ಬುಕ್‌ಗಳಲ್ಲಿವೆ. ಹೇಳುವಾಗ ಎಲ್ಲರೂ ಮೈಮರೆತು ಕೇಳುತ್ತಾರೆ, ಬರೆದದ್ದು ಮಾತ್ರ ನನಗೇ ಸಪ್ಪೆ ಎನಿಸುತ್ತದೆ. ಪ್ರಕಾಶಕರೊಬ್ಬರು ಹಣ ಕೊಟ್ಟರೆ ಪುಸ್ತಕ ಮಾಡಿಕೊಡುತ್ತೇನೆ ಎಂದಿದ್ದಾರೆ. ಈ ವಯಸ್ಸಿನಲ್ಲಿ ಲೇಖಕಿಯಾಗಬಹುದೇ?
— ಓದುಗರೊಬ್ಬರು, ಸಾಗರ

ಉತ್ತರ: ಪ್ರಿಯ ಸೋದರಿ, ವಯಸ್ಸಿನ ಅಳುಕನ್ನು ಬದಿಗಿಡಿ. ನಿಮ್ಮ ಮಲೆನಾಡಿನವರೇ ಆದ ಎಂ.ಕೆ. ಇಂದಿರಾ ಅವರು 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿ, ಏಳು ವರ್ಷವಷ್ಟೇ ಶಾಲೆಯಲ್ಲಿ ಓದಿ, ಹನ್ನೆರಡಕ್ಕೇ ಮದುವೆಯಾಗಿ, ಕಾದಂಬರಿ ಬರೆಯತೊಡಗಿದ್ದು ನಲವತ್ತೈದರ ಸುಮಾರಿಗೆ. 1963ರಲ್ಲಿ ‘ತುಂಗಭದ್ರ’ ಪ್ರಕಟವಾಯಿತು. ಮುಂದೆ 1976ರಲ್ಲಿ ಬಂದ ‘ಫಣಿಯಮ್ಮ’ದ ಮೂಲ, ಬಾಲವಿಧವೆಯೊಬ್ಬರು ಇಂದಿರಾ ಅವರ ತಾಯಿಯ ಬಳಿ ಹೇಳಿಕೊಂಡಿದ್ದ ಬದುಕು. ಮನೆಯೊಳಗೆ ಕಿವಿಗೆ ಬಿದ್ದ ಮಾತು ಎಷ್ಟೋ ವರ್ಷ ಒಳಗೇ ಇದ್ದು ಕಾದಂಬರಿಯಾಯಿತು.

ಬರೆದದ್ದು ಸಪ್ಪೆಯಾಗುವುದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ. ಹೇಳುವಾಗ ಅರ್ಧ ಕೆಲಸವನ್ನು ನಿಮ್ಮ ದನಿ, ಕಣ್ಣು, ಕೈ ಮಾಡುತ್ತವೆ. ಮಗುವಿನ ಹೂಂಗುಟ್ಟುವಿಕೆ ಸಣ್ಣಗಾದ ಕೂಡಲೇ ನೀವು ಅರಿವಿಲ್ಲದೆಯೇ ವರ್ಣನೆಯನ್ನು ಮೊಟಕುಗೊಳಿಸಿ ಹುಲಿಯನ್ನು ಅಂಗಳಕ್ಕೆ ತರುತ್ತೀರಿ. ಕಾಗದದ ಮುಂದೆ ಕುಳಿತಾಗ ಆ ಹೂಂ ಕೇಳಿಸುವುದಿಲ್ಲ. ಆದ್ದರಿಂದ ಮೊಮ್ಮಕ್ಕಳಿಗೆ ಹೇಳುವಾಗ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಮಾತು ಬಂದಂತೆಯೇ ಬರೆದಿಳಿಸಿ, ದನಿ ತಗ್ಗಿಸಿದ ಕಡೆ ವಾಕ್ಯವನ್ನು ಚಿಕ್ಕದಾಗಿಸಿ. ‘ಅಜ್ಜಿಗೆ ಭಯವಾಯಿತು’ ಎಂದು ನೀವು ಮಕ್ಕಳಿಗೆ ಎಂದೂ ಹೇಳಿರಲಾರಿರಿ, ಸುಡುವ ಬೀಜವನ್ನು ಕೈಯಲ್ಲೇ ಹಿಡಿದು ಬಾಗಿಲತ್ತ ತಿರುಗಿ ಕುಳಿತಿರುತ್ತೀರಿ. ಆ ಬೀಜವೂ ಬಾಗಿಲೂ ಬರಹದಲ್ಲಿ ಬರಬೇಕು. ಹೀಗೆ ತಿದ್ದಿದ ಕಥೆಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಸಿ, ಓದುವವರು ಎಡವಿದ ಕಡೆ ಗುರುತು ಹಾಕಿ.

ಅಜ್ಜಿಯ ಕಥೆಗಳನ್ನೂ ನಿಮ್ಮವನ್ನೂ ಬೆರೆಸಬೇಡಿ. ಅವರದನ್ನು ಪ್ರಕಟಿಸುವಾಗ ಯಾರು, ಯಾವ ಊರಿನಲ್ಲಿ ಹೇಳಿದ್ದೆಂಬುದನ್ನು ಬರೆಯಿರಿ. ಆ ಋಣವನ್ನು ಓದುಗರೆದುರೇ ಒಪ್ಪಿಕೊಳ್ಳುವುದು ಚೆಂದ.

ಹಣ ಕೊಟ್ಟು ಪುಸ್ತಕ ಮಾಡಿಸುವುದು ತಪ್ಪಲ್ಲ, ಆದರೆ ಅದು ಮೊದಲ ಹೆಜ್ಜೆಯಾಗಬಾರದು. ಸುಧಾ, ಮಯೂರ, ತುಷಾರದಂಥ ಪತ್ರಿಕೆಗಳಿಗೆ ಕಥೆಗಳನ್ನು ಕಳಿಸಿ. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳಿಸಬೇಡಿ, ಪ್ರತಿಯನ್ನು ಇಟ್ಟುಕೊಳ್ಳಿ. ನಿಮ್ಮ ಪರಿಚಯವೇ ಇಲ್ಲದ ಸಂಪಾದಕರು ಏಳೆಂಟು ಕಥೆಗಳನ್ನಾದರೂ ಒಪ್ಪಿ ಪ್ರಕಟಿಸಿದ ಮೇಲೆ ಸಂಕಲನದ ಮಾತನ್ನು ಧೈರ್ಯವಾಗಿ ಎತ್ತಬಹುದು. ಯಾವ ಪ್ರಕಾಶಕರೇ ಆದರೂ ಎಷ್ಟು ಪ್ರತಿ, ನಿಮಗೆಷ್ಟು ಗೌರವಧನ, ಮರುಮುದ್ರಣದ ಹಕ್ಕು ಯಾರದು ಎಂಬುದು ಬರಹದಲ್ಲಿರಲಿ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರ ಜೀವಿತಾವಧಿಗೂ ಆನಂತರ 60 ವರ್ಷಗಳಿಗೂ ಇರುವುದರಿಂದ, ನೀವು ಹಾಕುವ ಸಹಿ ಮೊಮ್ಮಕ್ಕಳ ಕಾಲಕ್ಕೂ ಅನ್ವಯಿಸುತ್ತದೆ.

ಮೂರು ನೋಟ್‌ಬುಕ್‌ಗಳಲ್ಲಿ ಮೊದಲು ಯಾವುದನ್ನು ತೆಗೆಯಲಿ ಎಂದು ಯೋಚಿಸುವಿರಾದರೆ, ಮಕ್ಕಳು ‘ಇನ್ನೊಂದು ಸಲ ಹೇಳಜ್ಜಿ’ ಎಂದು ಹಟ ಹಿಡಿಯುವ ಕಥೆಯಿಂದಲೇ ಶುರು ಮಾಡಿ.