ಹಾಳೂರಿಗೆ ಚುಕ್ಕೆ ಯಾಕೆ ಇಡಲಿಲ್ಲ?

ಮಾಸ್ತರರೇ,

ಅಫಜಲಪುರ ತಾಲ್ಲೂಕಿನಿಂದ ನೀವು ಬರೆದ ಪತ್ರ ತಲುಪಿತು. ಭೀಮಾ ದಂಡೆಯ ಹಾಳೂರುಗಳ ಲೇಖನಕ್ಕೆ ನಾವು ಹಾಕಿದ ನಕ್ಷೆ ನಿಮಗೆ ಸಿಟ್ಟು ತರಿಸಿದೆ. ನಿಮ್ಮೂರ ಪಕ್ಕದ ಹಾಳೂರಿಗೆ ಚುಕ್ಕೆ ಇಡದೆ ಸುತ್ತಲೂ ವೃತ್ತ ಎಳೆದು ಬಿಟ್ಟಿದ್ದೇವೆ. "ಕೈಯಾಗ ಫೋನ್ ಇರೋ ಕಾಲದಾಗ ಇದೇನ್ರಿ ಅಂದಾಜು?" ಅಂತ ಕೇಳಿದ್ದೀರಿ. ಇಂಚಿಗೆ ಒಂದು ಮೈಲಿಯ ಹಳೇ ಸರ್ವೆ ಹಾಳೆಯನ್ನು ನೀವೇ ಕಂಪ್ಯೂಟರಿನಲ್ಲಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದೀರಿ. ಮೊದಲ ಸಲ ಹಾಳೂರು ಹೊಳೆಯೊಳಗೆ ಬಿತ್ತು. ಎರಡನೇ ಸಲ ದಂಡೆಗೆ ಬಂತು, 'ದೋಷ ಸೊನ್ನೆ' ಅಂತಲೂ ತೋರಿಸಿತು. ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಆರು ದಶಮಾಂಶದವರೆಗೆ ಬರೆದು, ಇದನ್ನೇ ಅಚ್ಚು ಹಾಕಿ ಎಂದಿದ್ದೀರಿ.

ಮೊದಲು ಹೊಳೆಯ ವಿಷಯ. ಮೊದಲ ಸಲ ನೀವು ಹಾಳೆಯ ಅಂಚಿನಲ್ಲಿದ್ದ ಅಕ್ಷಾಂಶ, ರೇಖಾಂಶದ ಅಂಕಿಗಳನ್ನು ಹಾಗೇ ಟೈಪ್ ಮಾಡಿದ್ದೀರಿ. ಆ ಅಂಕಿಗಳ ಬೇರು ನಮ್ಮ ಬೀದರ್ ಕಡೆಗೂ ಬರುತ್ತದೆ. 1815ರಲ್ಲಿ ಬ್ರಿಟಿಷ್ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೀದರ್ ಸಮೀಪ ದಾಮರಗಿದ್ದದ ಹತ್ತಿರ ಒಂದು ಆಧಾರರೇಖೆ, ಅಂದರೆ ಮುಂದಿನ ಅಳತೆಗಳಿಗೆಲ್ಲ ಬುನಾದಿಯಾಗುವ ಗೆರೆ, ಅಳೆದರು. ಬಿಸಿಲಿಗೆ ಉಕ್ಕಿನ ಸರಪಳಿ ಹಿಗ್ಗುತ್ತದೆ ಅಂತ ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಲೆಕ್ಕ ತಿದ್ದುತ್ತಿದ್ದ ಮನುಷ್ಯ ಅವರು. ಮುಂದೆ ಅವರ ನಂತರ ಸರ್ವೆ ನಡೆಸಿದ ಜಾರ್ಜ್ ಎವರೆಸ್ಟ್ ಇಂಥ ಅಳತೆಗಳಿಂದಲೇ 1830ರಲ್ಲಿ ಭೂಮಿಯ ಆಕಾರದ ಲೆಕ್ಕ ಕೊಟ್ಟರು. ಹಳೇ ಹಾಳೆಗಳು ಆ ಲೆಕ್ಕದ ಮೇಲೆ ನಿಂತಿವೆ. ನಿಮ್ಮ ಫೋನ್ ನಂಬುವುದು ಡಬ್ಲ್ಯೂಜಿಎಸ್ 84 ಎಂಬ ಬೇರೆ ಲೆಕ್ಕವನ್ನು. ಒಂದರ ಅಂಕಿಯನ್ನು ಇನ್ನೊಂದಕ್ಕೆ ಸುಮ್ನೆ ಹಾಕಿದರೆ ನಮ್ಮ ಭಾಗದಲ್ಲಿ ಜಾಗ ಆಗ್ನೇಯಕ್ಕೆ ನೂರು ಮೀಟರಿಗಿಂತ ಜಾಸ್ತಿ ಜರುಗುತ್ತದೆ. ನಿಮ್ಮ ಹಾಳೂರು ಉತ್ತರ ದಂಡೆಯದು. ಹೊಳೆಗೆ ಬೀಳದೆ ಏನು ಮಾಡೀತು? ಇನ್ನೂ ಹಳೆಯ ಹಾಳೆಗಳಾದರೆ ಅಂಚಿನ ಸಣ್ಣಕ್ಷರದ ಸೂಚನೆಯನ್ನೂ ಓದಬೇಕು. ಆ ಹಾಳೆಗಳ ರೇಖಾಂಶವನ್ನು ಮದ್ರಾಸಿನಿಂದ ಲೆಕ್ಕ ಹಾಕುತ್ತಿದ್ದರು, ಮದ್ರಾಸಿನ ರೇಖಾಂಶವನ್ನೇ ಆಗ ತುಸು ಜಾಸ್ತಿ ಹಿಡಿದಿದ್ದರು. ಎರಡೂವರೆ ಮಿನಿಟಿನಷ್ಟು ಕಳೆಯದಿದ್ದರೆ ಊರು ನಾಲ್ಕು ಕಿಲೋಮೀಟರ್ ಪೂರ್ವಕ್ಕೆ ಹೋಗಿ ಕೂರುತ್ತದೆ.

ಇನ್ನು ಆ ಸೊನ್ನೆ. ಎರಡನೇ ಸಲ ನೀವು ಗುಡಿ, ಬಾವಿ, ರಸ್ತೆ ಕೂಡುವ ಜಾಗ ಅಂತ ಮೂರೇ ಬಿಂದುವನ್ನು ಹಾಳೆಯಲ್ಲೂ ಚಿತ್ರದಲ್ಲೂ ಗುರುತಿಸಿ ಹೊಂದಿಸಿದ್ದೀರಿ. ಸಾಧಾರಣ ಹೊಂದಿಕೆಗೆ ಮೂರು ಬಿಂದು ಕೊಟ್ಟರೆ ದೋಷ ಯಾವಾಗಲೂ ಸೊನ್ನೆಯೇ ಬರುತ್ತದೆ. ಬಾವಿಯನ್ನು ಬೇಕಂತಲೇ ಅರ್ಧ ಮೈಲಿ ಆಚೆ ತೋರಿಸಿ ನೋಡಿ, ಆಗಲೂ ಸೊನ್ನೆ! ಹಾಳೆಯನ್ನು ಎಳೆದು, ವಾಲಿಸಿ ಮೂರಕ್ಕೂ ಕೂರಿಸುವುದಷ್ಟೇ ಅದರ ಕೆಲಸ. ನಾಲ್ಕನೆಯ ಬಿಂದು ಬಂದ ಮೇಲೆಯೇ ನಿಜವಾದ ತಪ್ಪು ಹೊರಗೆ ಬರುವುದು.

ಆರನೇ ದಶಮಾಂಶ ಅಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ಒಂದು ಗೇಣೂ ಇಲ್ಲ. ಆ ಹಾಳೆಯ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದಲ್ಲಿ 30 ಮೀಟರ್ ನುಂಗುತ್ತದೆ. ಬಯಲಿನಲ್ಲಿ ನಿಂತರೂ ಫೋನ್ ನಾಲ್ಕೈದು ಮೀಟರ್ ಆಚೀಚೆ ಹೇಳುತ್ತದೆ. ಅಚ್ಚಿನಲ್ಲಿ ಆರು ಅಂಕಿ ಕಂಡವರು ನಿಜ ಅಂತಲೇ ನಂಬುತ್ತಾರೆ, ಅಲ್ವಾ? ನಾಳೆ ಯಾರೋ ಅದನ್ನೇ ಹಿಡಿದು ಬೋರ್ಡ್ ನೆಡುತ್ತಾರೆ.

ಒಂದೇ ಹಾಳೆಯಲ್ಲೂ ಎಲ್ಲವೂ ಒಂದೇ ಸಮ ಖಚಿತ ಇರುವುದಿಲ್ಲ. ಗುಡ್ಡದ ಮೇಲಿನ ಸರ್ವೆ ಠಾಣೆಗಳನ್ನು ತ್ರಿಕೋನ ಕಟ್ಟಿ ಲೆಕ್ಕ ಹಾಕಿದ್ದಾರೆ. ನಡುವಿನ ಹಳ್ಳ, ದಾರಿ, ಹಾಳೂರು ಎಲ್ಲ ಕಾಗದ ಹಚ್ಚಿದ ಹಲಗೆ ಇಟ್ಟುಕೊಂಡು ಅಲ್ಲೇ ನಿಂತು ಬರೆದವು. ಅದರಲ್ಲೂ ಹಾಳೂರಿಗೆ ಎದ್ದು ಕಾಣುವ ಗುರುತೇ ಕಡಿಮೆ. ನಮ್ಮ ವೃತ್ತ ಇಷ್ಟನ್ನೂ ಹೇಳುತ್ತದೆ. ಅದನ್ನು ಅಳಿಸಿ ಚುಕ್ಕೆ ಇಡಲು ನನಗೆ ಮನಸ್ಸಿಲ್ಲ.

ಅಂದಹಾಗೆ, ಹೊಲದ ಒತ್ತುವರಿ ಜಗಳಕ್ಕೂ ಈ ನಕ್ಷೆ ತೋರಿಸುತ್ತೇನೆ ಎಂದಿದ್ದೀರಿ. ದಯವಿಟ್ಟು ಬೇಡ. ಅದಕ್ಕೆ ಹೊಲದ ಅಳತೆಯ ಸರ್ವೆ ದಾಖಲೆಯಾದ ಟಿಪ್ಪಣಿ, ಗಡಿ ಗುರುತಿನ ಬಾಂದು ಕಲ್ಲು ಇವೆ.

ವೃತ್ತ ಸಣ್ಣದಾಗಬೇಕಾದರೆ ದಾರಿ ಇದೆ. ಹಾಳೆಯ ನಾಲ್ಕೂ ಮೂಲೆಗೆ ಹರಡಿದ ಏಳೆಂಟು ಬಿಂದು ಆರಿಸಿ. ಹಳೇ ಗುಡಿ, ಕೋಟೆಯ ಬುರುಜು ಆದೀತು; ಹೊಳೆಯ ದಂಡೆ ಬೇಡ, ಅದು ಪ್ರವಾಹಕ್ಕೆ ಜರುಗುತ್ತದೆ. ಒಂದೆರಡನ್ನು ಹೊಂದಿಸದೆ ಪರೀಕ್ಷೆಗೆ ಬಿಡಿ, ಅವು ಎಷ್ಟು ದೂರ ಬಿದ್ದವು ಬರೆದುಕೊಳ್ಳಿ. ಆಮೇಲೆ ಊರ ಹಿರಿಯರ ಜೊತೆ ಹೊಲಕ್ಕೆ ಹೋಗಿ. ಕರಿ ಎರೆಯ ನಡುವೆ ಬೂದಿ ಬಣ್ಣದ ಮಣ್ಣು, ಗಡಿಗೆಯ ಚೂರು ಎಲ್ಲಿಂದ ಎಲ್ಲಿಯವರೆಗೆ ಸಿಗುತ್ತವೆ ನೋಡಿ, ಅದರ ಸುತ್ತಲೂ ನಡೆದು ಫೋನಿನಲ್ಲಿ ದಾಖಲಿಸಿ. ಎರಡನ್ನೂ ಕಳಿಸಿದರೆ ಹೊಸ ನಕ್ಷೆ ಬರೆಸಿ, ಯಾವುದು ಹಾಳೆಯಿಂದ ಬಂದದ್ದು, ಯಾವುದು ಹೊಲದಲ್ಲಿ ಸಿಕ್ಕಿದ್ದು ಅಂತ ಬೇರೆ ಬೇರೆ ಗೆರೆಯಲ್ಲಿ ತೋರಿಸುತ್ತೇವೆ.

— ಸಂ.