ಓದುಗರ ಪ್ರಶ್ನೆ, ನಮ್ಮ ಉತ್ತರ: ಅಮೆರಿಕದ ಗಡಿಗಳು, ಮುಂಬಯಿಯ ಹತ್ತಿ

ಪ್ರಶ್ನೆ: ಅಮೆರಿಕದ ನಕ್ಷೆಯಲ್ಲಿ ಪೂರ್ವದ ರಾಜ್ಯಗಳ ಗಡಿ ಅಂಕುಡೊಂಕು. ಪಶ್ಚಿಮದ್ದು ಮಾತ್ರ ಸ್ಕೇಲು ಹಿಡಿದು ಎಳೆದಂತೆ ನೇರ. ಹೀಗೇಕೆ? (ಓದುಗರು, ಡೊಂಬಿವಲಿ)

ಪೂರ್ವದಲ್ಲಿ ವಸಾಹತುಗಳು ಮೊದಲು ಬಂದವು, ಗಡಿ ಆಮೇಲೆ ಬಂತು. ಹಾಗಾಗಿ ಹೊಳೆ, ಬೆಟ್ಟಸಾಲು, ಇಂಗ್ಲೆಂಡಿನ ರಾಜರು ಕೊಟ್ಟ ಸನದುಗಳು ಗಡಿಯಾದವು. ಪಶ್ಚಿಮದಲ್ಲಿ ವಾಷಿಂಗ್ಟನ್ನಿನಲ್ಲಿ ಕುಳಿತವರು ಮೊದಲು ಗೆರೆ ಎಳೆದರು, ವಲಸಿಗರು ಆಮೇಲೆ ಹೋದರು. ಆ ನೆಲದಲ್ಲಿ ತಲೆತಲಾಂತರದಿಂದ ಬದುಕಿದ್ದ ಮೂಲನಿವಾಸಿಗಳನ್ನು ಈ ಗೆರೆಗಳು ಲೆಕ್ಕಕ್ಕೇ ಹಿಡಿಯಲಿಲ್ಲ ಎಂಬುದನ್ನು ಮರೆಯಬಾರದು.

ಇದರ ಬುಡ 1785ರ ಭೂ ಸುಗ್ರೀವಾಜ್ಞೆಯಲ್ಲಿದೆ. ನೆಲವನ್ನು 6 ಮೈಲಿ ಉದ್ದ, 6 ಮೈಲಿ ಅಗಲದ ಚೌಕಗಳಾಗಿ ಅಳೆಯಬೇಕು. ಅಂಥ ಒಂದು ಚೌಕದ ಹೆಸರು ಟೌನ್‌ಶಿಪ್. ಅದರೊಳಗೆ ತಲಾ 1 ಚದರ ಮೈಲಿಯ 36 ಸೆಕ್ಷನ್‌ಗಳು, ಒಂದೊಂದು 640 ಎಕರೆ. 16ನೇ ಸೆಕ್ಷನ್ ಶಾಲೆಗೆ ಮೀಸಲು. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಐದು ವರ್ಷ ಅಲ್ಲೇ ನೆಲೆಸಿ ಸಾಗುವಳಿ ಮಾಡಿದವರಿಗೆ ಸಿಕ್ಕಿದ್ದು ಸೆಕ್ಷನ್ನಿನ ಕಾಲು ಭಾಗ, ಅಂದರೆ 160 ಎಕರೆ. ಅಳತೆಗೆ ಬಳಸಿದ್ದು 66 ಅಡಿಯ ಗಂಟರ್ ಸರಪಳಿ. ಊರಿನಲ್ಲಿ ಜಮೀನಿದ್ದವರು ಪಹಣಿ ತೆಗೆದು ನೋಡಿ: ನಮ್ಮ ಒಂದು ಗುಂಟೆ 33 ಅಡಿ ಚೌಕ, ಅಂದರೆ ಆ ಸರಪಳಿಯ ಸರಿಯಾಗಿ ಅರ್ಧ. 40 ಗುಂಟೆ ಸೇರಿದರೆ 43,560 ಚದರ ಅಡಿ, ಅದೇ ಒಂದು ಎಕರೆ. ಕಾನ್ಸಾಸಿನ ಗೋಧಿ ಹೊಲವನ್ನೂ ಧಾರವಾಡದ ಎರೆ ಹೊಲವನ್ನೂ ಬ್ರಿಟಿಷ್ ಮೂಲದ ಒಂದೇ ಲೆಕ್ಕ ಅಳೆದಿದೆ.

ಕಾಗದದ ಮೇಲೆ ಸುಲಭವಾಗಿ ಕಾಣುವ ಈ ಚೌಕ ನೆಲದ ಮೇಲೆ ಕೂರುವುದಿಲ್ಲ. ಭೂಮಿ ಗುಂಡಗಿದೆ, ರೇಖಾಂಶಗಳು ಉತ್ತರಕ್ಕೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. 40 ಡಿಗ್ರಿ ಅಕ್ಷಾಂಶದ ಸುಮಾರಿಗೆ 6 ಮೈಲಿ ಚೌಕದ ಉತ್ತರದ ಅಂಚು ದಕ್ಷಿಣದ ಅಂಚಿಗಿಂತ ಸುಮಾರು 40 ಅಡಿ ಕಿರಿದಾಗುತ್ತದೆ. ಈ ಕೊರತೆಯನ್ನು ಟೌನ್‌ಶಿಪ್ಪಿನ ಪಶ್ಚಿಮದ ಸಾಲಿನ ಸೆಕ್ಷನ್‌ಗಳ ಮೇಲೆ ಹಾಕಿದರು. ಅಳತೆಯಲ್ಲಿ ಬಂದ ಹೆಚ್ಚುಕಡಿಮೆ ಉತ್ತರದ ಸಾಲಿಗೆ ಹೋಯಿತು. ಕ್ರಮೇಣ 24 ಮೈಲಿಗೊಂದು ತಿದ್ದುಪಡಿ ಗೆರೆ ಹಾಕಿ, ಅಲ್ಲಿಂದ ಹೊಸದಾಗಿ ಅಳತೆ ಶುರು ಮಾಡುವುದು ರೂಢಿಯಾಯಿತು. ಅದಕ್ಕೇ ಬಯಲುಸೀಮೆಯ ರಾಜ್ಯಗಳಲ್ಲಿ ಮೈಲಿಗಟ್ಟಲೆ ನೆಟ್ಟಗೆ ಹೋಗುವ ರಸ್ತೆ, ಯಾವ ಗುಡ್ಡ, ಹಳ್ಳ ಇಲ್ಲದಿದ್ದರೂ ಒಂದೆಡೆ ಗಕ್ಕನೆ ಪಕ್ಕಕ್ಕೆ ಸರಿದು ಮತ್ತೆ ನೆಟ್ಟಗಾಗುತ್ತದೆ.

ರಾಜ್ಯಗಳ ಗಡಿಗೂ ಇದೇ ಪಾಡು. ಕೊಲೊರಾಡೊದ ದಕ್ಷಿಣ ಗಡಿ 37 ಡಿಗ್ರಿ, ಉತ್ತರ ಗಡಿ 41 ಡಿಗ್ರಿ. ಪೂರ್ವ ಗಡಿ ಮಾತ್ರ 102 ಡಿಗ್ರಿ 3 ಮಿನಿಟು. ಈ ಮೂರು ಮಿನಿಟು ಎಲ್ಲಿಂದ ಬಂತೆಂದರೆ, ಆಗ ರೇಖಾಂಶವನ್ನು ಗ್ರಿನಿಚ್‌ನಿಂದ ಎಣಿಸದೆ ವಾಷಿಂಗ್ಟನ್‌ನಿಂದ ಎಣಿಸುತ್ತಿದ್ದರು. ಅಲ್ಲಿಂದ ಅದು ಸರಿಯಾಗಿ 25 ಡಿಗ್ರಿ ಪಶ್ಚಿಮ. ಯೂಟಾ, ಕೊಲೊರಾಡೊ, ಅರಿಜೋನಾ, ನ್ಯೂ ಮೆಕ್ಸಿಕೊ ನಾಲ್ಕೂ ಕೂಡುವ ಮೂಲೆಯ ಕಲ್ಲನ್ನು 1875ರಲ್ಲಿ ನೆಟ್ಟಾಗ ಅದು ಇರಬೇಕಾದ ಜಾಗಕ್ಕಿಂತ ಸುಮಾರು 1,800 ಅಡಿ ಪೂರ್ವಕ್ಕೆ ಬಿತ್ತು. ಆದರೂ ಕಾನೂನಿನ ಪ್ರಕಾರ ಗಡಿ ಆ ಕಲ್ಲೇ. ಅಳೆದು ನೆಟ್ಟು, ಎರಡೂ ಕಡೆಯವರು ಒಪ್ಪಿ ನಡೆದ ಗಡಿಯೇ ಗಡಿ ಎಂಬುದನ್ನು ಅಲ್ಲಿನ ಸುಪ್ರೀಂ ಕೋರ್ಟು 1925ರಲ್ಲಿ ಎತ್ತಿಹಿಡಿಯಿತು.

ಹೊಳೆ ಗಡಿಯಾದರೆ ಇನ್ನೊಂದು ತಕರಾರು. ಹೊಳೆ ನಿಧಾನವಾಗಿ ದಡ ಕೊರೆದು ಸರಿದರೆ ಗಡಿಯೂ ಜೊತೆಗೇ ಸರಿಯುತ್ತದೆ. ನೆರೆ ಬಂದು ಒಮ್ಮೆಲೇ ಪಾತ್ರ ಬದಲಿಸಿದರೆ ಗಡಿ ಹಳೆಯ ಪಾತ್ರದಲ್ಲೇ ಉಳಿಯುತ್ತದೆ. ಇಲಿನಾಯ್ ರಾಜ್ಯದ ಮೊದಲ ರಾಜಧಾನಿ ಕಾಸ್ಕಾಸ್ಕಿಯಾ 1881ರ ನಂತರ ಮಿಸಿಸಿಪ್ಪಿಯ ಪಶ್ಚಿಮ ದಡಕ್ಕೆ, ಮಿಸೌರಿಯ ಮಗ್ಗುಲಿಗೆ ಬಿದ್ದರೂ ಇಂದಿಗೂ ಇಲಿನಾಯ್‌ಗೇ ಸೇರಿದೆ.

ಪ್ರಶ್ನೆ: ಮಗಳು ಕ್ವಿಜ್‌ಗೆ 50 ರಾಜ್ಯ, ರಾಜಧಾನಿ ಬಾಯಿಪಾಠ ಮಾಡುತ್ತಿದ್ದಾಳೆ. ವಾರದಲ್ಲಿ ಮರೆತುಹೋಗುತ್ತದೆ. ಬೇರೆ ದಾರಿ ಇದೆಯೇ? (ಓದುಗರು, ಪುಣೆ)

ಅಕ್ಷರಮಾಲೆಯ ಪಟ್ಟಿ ಬಿಡಿಸಿಬಿಡಿ, ಮರೆಯುವುದು ಅದರಿಂದಲೇ. ಖಾಲಿ ನಕ್ಷೆಯ ಮೇಲೆ ಮೊದಲು ಮಿಸಿಸಿಪ್ಪಿ ನದಿ ಬರೆಯಲಿ. ಉತ್ತರದಿಂದ ಇಳಿಯುತ್ತಾ ಅದು ಮುಟ್ಟುವ ಹತ್ತು ರಾಜ್ಯಗಳು: ಮಿನ್ನೆಸೋಟ, ವಿಸ್ಕಾನ್ಸಿನ್, ಅಯೋವಾ, ಇಲಿನಾಯ್, ಮಿಸೌರಿ, ಕೆಂಟಕಿ, ಟೆನೆಸೀ, ಅರ್ಕಾನ್ಸಾ, ಮಿಸಿಸಿಪ್ಪಿ, ಲೂಸಿಯಾನಾ. ಇದು ಬೆನ್ನೆಲುಬು. ಆಮೇಲೆ ಅಟ್ಲಾಂಟಿಕ್ ಕಡೆಯ ಮೂಲ 13 ರಾಜ್ಯಗಳು. ಉಳಿದವನ್ನು ನೆರೆಹೊರೆಯಿಂದ ತುಂಬಲಿ. ಟೆನೆಸೀಗೂ ಮಿಸೌರಿಗೂ ಎಂಟೆಂಟು ನೆರೆ ರಾಜ್ಯಗಳು, ಮೇನ್‌ಗೆ ಒಂದೇ.

ರಾಜಧಾನಿಗಳಲ್ಲಿ ಮಕ್ಕಳು ಎಡವುವುದು ಒಂದೇ ಕಡೆ: ದೊಡ್ಡ ಊರೇ ರಾಜಧಾನಿ ಎಂದುಕೊಳ್ಳುತ್ತಾರೆ. ನ್ಯೂಯಾರ್ಕಿಗೆ ಆಲ್ಬನಿ, ಕ್ಯಾಲಿಫೋರ್ನಿಯಾಕ್ಕೆ ಸ್ಯಾಕ್ರಮೆಂಟೊ, ಇಲಿನಾಯ್‌ಗೆ ಸ್ಪ್ರಿಂಗ್‌ಫೀಲ್ಡ್. ಅಲಾಸ್ಕಾದ ಜುನೋಗೆ ಹೊರಗಿನಿಂದ ರಸ್ತೆಯೇ ಇಲ್ಲ, ದೋಣಿ ಅಥವಾ ವಿಮಾನದಲ್ಲಿ ಹೋಗಬೇಕು. ಇಂಥ ಹತ್ತು ಹನ್ನೆರಡನ್ನು ಬೇರೆ ಬರೆದಿಟ್ಟುಕೊಂಡರೆ ಸಾಕು.

ಪ್ರಶ್ನೆ: ಮುಂಬಯಿಯ ಫೋರ್ಟ್ ಭಾಗದ ಹಳೆಯ ಕಟ್ಟಡಗಳೆಲ್ಲ ಅಮೆರಿಕದ ಅಂತರ್ಯುದ್ಧದ ದುಡ್ಡಿನಲ್ಲಿ ಎದ್ದವು ಎಂದು ಕೇಳಿದ್ದೇನೆ. ನಿಜವೇ? (ಓದುಗರು, ಮಾಟುಂಗಾ)

ಎಲ್ಲವೂ ಅಲ್ಲ. ಆದರೆ ದುಡ್ಡು ಬಂದದ್ದು ನಿಜ, ಮುಳುಗಿದ್ದೂ ನಿಜ.

ಯುದ್ಧಕ್ಕೆ ಮೊದಲು ಬ್ರಿಟನ್ನಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳದ್ದು, ಗುಲಾಮರು ಬೆಳೆದದ್ದು. 1861ರ ಏಪ್ರಿಲ್ 12ರಂದು ದಕ್ಷಿಣ ಕ್ಯಾರೊಲಿನಾದ ಫೋರ್ಟ್ ಸಮ್ಟರ್ ಮೇಲೆ ಗುಂಡು ಹಾರಿತು. ವಾರದೊಳಗೆ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಘೋಷಿಸಿದರು. ಲ್ಯಾಂಕಶೈರಿನ ಗಿರಣಿಗಳಿಗೆ ಮುಂಬಯಿಯ ಹತ್ತಿ ಅನಿವಾರ್ಯವಾಯಿತು.

ಅನಿವಾರ್ಯವಾಯಿತೇ ಹೊರತು ಇಷ್ಟವಾಗಲಿಲ್ಲ. ನಮ್ಮ ನಾಡ ಹತ್ತಿಯ ಎಳೆ ಗಿಡ್ಡ. ಗಿರಣಿಯ ರೋಲರ್‌ಗಳ ನಡುವಿನ ಅಂತರ ಅಮೆರಿಕದ ಉದ್ದ ಎಳೆಗೆ ಹೊಂದಿಸಿದ್ದು. ಗಿಡ್ಡ ಎಳೆ ಹಾಕಿದರೆ ನೂಲು ಪಟಪಟನೆ ಹರಿಯುತ್ತಿತ್ತು. ಜೊತೆಗೆ ಮಣ್ಣು, ಬೀಜ, ಕಸ ಬೆರೆಸಿ ತೂಕ ಏರಿಸುವ ಚಾಳಿ ಬೇರೆ. ಅದನ್ನು ತಡೆಯಲೆಂದೇ 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ಕಲಬೆರಕೆಯ ವಿರುದ್ಧ ಕಾಯ್ದೆ ತಂದಿತು.

ಇಲ್ಲಿ ಕನ್ನಡನಾಡಿಗೆ ಹೆಮ್ಮೆಯ ಒಂದು ಪುಟವಿದೆ. 1840ರ ದಶಕದಿಂದಲೇ ಧಾರವಾಡ ಸೀಮೆಯಲ್ಲಿ ಅಮೆರಿಕದ ಅಪ್‌ಲ್ಯಾಂಡ್ ತಳಿ ನೆಲೆಯೂರಿತ್ತು. ಪೇಟೆಯಲ್ಲಿ ಅದಕ್ಕೆ ಧಾರವಾಡ ಅಮೆರಿಕನ್ ಎಂದೇ ಹೆಸರು. ಈ ತಳಿಯಲ್ಲಿ ಅರಳೆ ಬೀಜಕ್ಕೆ ಬಿಗಿಯಾಗಿ ಅಂಟಿರುತ್ತದೆ. ನಮ್ಮ ಎರಡು ಉರುಳೆಯ ಚರಕದಲ್ಲಿ ಅದು ಸಲೀಸಾಗಿ ಬಿಡದು, 1794ರಲ್ಲಿ ಎಲೈ ವಿಟ್ನಿ ಪೇಟೆಂಟ್ ಪಡೆದ ಮಾದರಿಯ ಹಲ್ಲಿನ ಜಿನ್ನೇ (ಬೀಜ ಬಿಡಿಸುವ ಯಂತ್ರ) ಬೇಕು. ಅದೇ ಜಿನ್ನಿಗೆ ನಾಡ ಹತ್ತಿ ಹಾಕಿದರೆ ಮೊದಲೇ ಗಿಡ್ಡ ಎಳೆ ಇನ್ನಷ್ಟು ತುಂಡಾಗುತ್ತಿತ್ತು. ರೈಲು ಇನ್ನೂ ಬಾರದ ಕಾಲ. ಧಾರವಾಡದ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರಿ, ಅಲ್ಲಿಂದ ಹಾಯಿ ಹಡಗಿನಲ್ಲಿ ಮುಂಬಯಿಗೆ ಬರುತ್ತಿತ್ತು.

ಮುಂಬಯಿಗೆ ಹರಿದುಬಂದ ಹಣ ಶೇರು ಕಂಪನಿಗಳಿಗೆ ಹೋಯಿತು. ಬ್ಯಾಕ್ ಬೇ ಸಮುದ್ರ ತುಂಬುವ ಕಂಪನಿಯ ಶೇರು ಮುಖಬೆಲೆಯ ಹಲವು ಪಟ್ಟು ಏರಿತು. 1865ರ ಏಪ್ರಿಲ್ 9ರಂದು ವರ್ಜೀನಿಯಾದ ಅಪೊಮ್ಯಾಟಕ್ಸ್‌ನಲ್ಲಿ ದಕ್ಷಿಣದ ಜನರಲ್ ಲೀ ಶರಣಾದರು. ಹತ್ತಿಯ ಬೆಲೆ ಕುಸಿಯಿತು. ಮುಂಗಡ ವ್ಯವಹಾರಗಳ ಲೆಕ್ಕ ಚುಕ್ತಾ ಆಗಬೇಕಿದ್ದ ಜುಲೈ 1ರಂದು ಕೊಡುವವರಿರಲಿಲ್ಲ. ಬ್ಯಾಂಕ್ ಆಫ್ ಬಾಂಬೆಯೂ ಉಳಿಯಲಿಲ್ಲ.

ಇನ್ನು ಕಟ್ಟಡಗಳು. ರಾಜಾಬಾಯಿ ಗೋಪುರಕ್ಕೆ ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯ್‌ಚಂದ್ ದುಡ್ಡು ಕೊಟ್ಟದ್ದು ಆ ಏರುಗಾಲದಲ್ಲೇ. ತಾಯಿಯ ಹೆಸರು ಹೊತ್ತ ಗೋಪುರ ಪೂರ್ತಿಯಾದದ್ದು 1878ರಲ್ಲಿ. ಆದರೆ ವಿ.ಟಿ. (ಈಗಿನ ಸಿ.ಎಸ್.ಎಂ.ಟಿ.) ನಿಲ್ದಾಣದ ಕೆಲಸ ಶುರುವಾದದ್ದೇ 1878ರಲ್ಲಿ. ಮರೀನ್ ಡ್ರೈವ್ 20ನೇ ಶತಮಾನದ್ದು. ಇವೆರಡನ್ನೂ ಯುದ್ಧದ ಖಾತೆಗೆ ಬರೆಯುವುದು ತಪ್ಪು.

ಪೆಟ್ಟು ಬಿದ್ದದ್ದು ಶೇರು ಪೇಟೆಗಷ್ಟೇ ಅಲ್ಲ. ಬೆಲೆ ಇದ್ದಾಗ ಸಾಹುಕಾರರು ಕೇಳಿದಷ್ಟು ಸಾಲ ಕೊಟ್ಟರು, ಬಿದ್ದ ಮೇಲೆ ಕೈಬಿಗಿ ಹಿಡಿದರು. ಮೇಲೆ ಕಂದಾಯವೂ ಏರಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಲಪತ್ರಗಳನ್ನು ಸುಟ್ಟದ್ದರ ಹಿಂದೆ ಇದೂ ಇದೆ.

ಪ್ರಶ್ನೆ: ಶೇಂಗಾ ಬೆಣ್ಣೆ ಕಂಡುಹಿಡಿದವರು ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅಲ್ಲವೇ? (ಓದುಗರು, ನೆರೂಳ್)

ಅಲ್ಲ. ಶೇಂಗಾ ಅರೆದ ಮುದ್ದೆಗೆ ಕೆನಡಾದ ಮಾರ್ಸೆಲಸ್ ಎಡ್ಸನ್ 1884ರಲ್ಲೇ ಪೇಟೆಂಟ್ ಪಡೆದಿದ್ದರು. ಕಾರ್ವರ್ ಅದಕ್ಕಿಂತ ದೊಡ್ಡ ಕೆಲಸ ಮಾಡಿದವರು. ಮಿಸೌರಿಯಲ್ಲಿ ಗುಲಾಮಿ ಕುಟುಂಬದಲ್ಲಿ ಹುಟ್ಟಿ, ಓದಿ, 1896ರಲ್ಲಿ ಅಲಬಾಮದ ಟಸ್ಕೀಗೀ ಸಂಸ್ಥೆಗೆ ಬಂದಾಗ ಅಲ್ಲಿನ ನೆಲ ವರ್ಷವರ್ಷವೂ ಹತ್ತಿ ಹಾಕಿ ಬರಡಾಗಿತ್ತು. ಹತ್ತಿಯ ಜಾಗದಲ್ಲಿ ಒಂದು ಹಂಗಾಮು ಅಲಸಂದೆ, ಶೇಂಗಾ ಹಾಕಿ ಎಂದರು. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಬಳ್ಳಿಯನ್ನು ಬೇರುಸಹಿತ ಕಿತ್ತು ಹೊರಗೆ ಸಾಗಿಸಿದರೆ ಈ ಲಾಭದ ಬಹುಪಾಲು ಹೋಗುತ್ತದೆ. ನಮ್ಮ ರೈತರಿಗೆ ಹೊಸದೇನಲ್ಲ, ಅಕ್ಕಡಿ ಸಾಲಿನ ವಿವೇಕವೇ ಇದು. ಬೆಳೆದದ್ದನ್ನು ಬಡವರು ಮನೆಯಲ್ಲೇ ಬಳಸಲೆಂದು 1916ರಲ್ಲಿ ಶೇಂಗಾದ 105 ಬಗೆಯ ಅಡುಗೆಗಳ ಕಿರುಹೊತ್ತಗೆ ಬರೆದರು. 1906ರಿಂದ ಟಸ್ಕೀಗೀಯ ಕುದುರೆ ಗಾಡಿಯೊಂದು ಉಪಕರಣ ಹೇರಿಕೊಂಡು ಹೊಲಗಳಿಗೇ ಹೋಗಿ ಪಾಠ ಹೇಳುತ್ತಿತ್ತು.

ಪ್ರಶ್ನೆ: ಅಮೆರಿಕದ ಅತಿ ಚಿಕ್ಕ ರಾಜ್ಯ ರೋಡ್ ಐಲೆಂಡ್ ನಮ್ಮ ಗೋವೆಗಿಂತ ದೊಡ್ಡದೋ ಚಿಕ್ಕದೋ? ಒಂದೊಂದು ಪುಸ್ತಕ ಒಂದೊಂದು ಹೇಳುತ್ತದೆ. (ಓದುಗರು, ಮಡಗಾಂವ್)

ನೀರನ್ನು ಸೇರಿಸುತ್ತೀರೋ ಬಿಡುತ್ತೀರೋ ಎಂಬುದರ ಮೇಲೆ ಉತ್ತರ ನಿಂತಿದೆ. ಗೋವಾ 3,702 ಚದರ ಕಿ.ಮೀ. ರೋಡ್ ಐಲೆಂಡ್ ಒಟ್ಟು ಸುಮಾರು 4,000 ಚದರ ಕಿ.ಮೀ., ಆದರೆ ನರಗ್ಯಾನ್ಸೆಟ್ ಕೊಲ್ಲಿಯೂ ಮಿಕ್ಕ ನೀರೂ ಬಿಟ್ಟರೆ ಉಳಿಯುವ ನೆಲ ಸುಮಾರು 2,680. ನೆಲಕ್ಕೆ ನೆಲ ಹೋಲಿಸಿದರೆ ಗೋವೆಯೇ ದೊಡ್ಡದು. ಯಾವ ಎರಡು ರಾಜ್ಯಗಳ ಅಳತೆ ಹೋಲಿಸುವಾಗಲೂ ಮೊದಲು ಇದನ್ನು ನೋಡಿ. ಕೊಲ್ಲಿ, ಕೆರೆ ಹೆಚ್ಚಿರುವ ರಾಜ್ಯಗಳಲ್ಲಿ ಕ್ರಮಾಂಕವೇ ಬದಲಾಗುತ್ತದೆ.

ಅಧಿಕಾರದಲ್ಲಿ ಮಾತ್ರ ಹೋಲಿಕೆ ಇಲ್ಲ. ನಮ್ಮ ರಾಜ್ಯಸಭೆಯ ಸ್ಥಾನಗಳಿಗೆ ಜನಸಂಖ್ಯೆ ಆಧಾರ: ಉತ್ತರ ಪ್ರದೇಶಕ್ಕೆ 31, ಗೋವೆಗೆ 1. ಅಲ್ಲಿನ ಸೆನೆಟ್‌ನಲ್ಲಿ ಕ್ಯಾಲಿಫೋರ್ನಿಯಾಕ್ಕೂ ರೋಡ್ ಐಲೆಂಡಿಗೂ ತಲಾ 2. ಚಿಕ್ಕ ರಾಜ್ಯಗಳು 1787ರಲ್ಲಿ ಫಿಲಡೆಲ್ಫಿಯಾದ ಸಂವಿಧಾನ ರಚನಾ ಸಭೆಯಲ್ಲಿ ಪಟ್ಟು ಹಿಡಿದು ಗೆದ್ದದ್ದು ಇದು. ತಮಾಷೆಯೆಂದರೆ ಆ ಸಭೆಗೆ ರೋಡ್ ಐಲೆಂಡ್ ಪ್ರತಿನಿಧಿಯನ್ನೇ ಕಳಿಸಿರಲಿಲ್ಲ. ಮೂಲ 13 ರಾಜ್ಯಗಳಲ್ಲಿ ಕಟ್ಟಕಡೆಗೆ ಅದು ಸಂವಿಧಾನ ಒಪ್ಪಿದ್ದು 1790ರ ಮೇ 29ರಂದು, ಅದೂ 34ಕ್ಕೆ 32 ಮತಗಳಿಂದ, ಅದರೊಂದಿಗಿನ ವ್ಯಾಪಾರವನ್ನೇ ನಿಲ್ಲಿಸುವ ಮಸೂದೆಯನ್ನು ಸೆನೆಟ್ ಅಂಗೀಕರಿಸಿದ ಮೇಲೆ.