ಆಟಿಸಂ ಇರೋ ತಮ್ಮನಿಗೆ ನಾಯಿ ತಂದುಕೊಟ್ರೆ ಉಪಯೋಗ ಆಗುತ್ತಾ?

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ 16 ವರ್ಷ, ಆಟಿಸಂ ಇದೆ. ಮನೆಯವರ ಹತ್ರ ಮಾತಾಡ್ತಾನೆ, ಹೊರಗಿನವರು ಏನೇ ಕೇಳಿದ್ರೂ ಬಾಯಿ ಬಿಡಲ್ಲ. ಸ್ಕೂಲಿಂದ ಬಂದ್ರೆ ರೂಮಿನ ಬಾಗಿಲು ಹಾಕ್ಕೋತಾನೆ. ಆದ್ರೆ ಮಾವನ ಮನೆಗೆ ಹೋದ್ರೆ ಅವರ ನಾಯಿ ಪಕ್ಕ ಗಂಟೆಗಟ್ಲೆ ಕೂತಿರ್ತಾನೆ. ಅಮ್ಮ ಒಂದು ಮರಿ ತರೋಣ ಅಂತಿದ್ದಾರೆ, ಅಪ್ಪ ಬೇಡವೇ ಬೇಡ ಅಂತಾರೆ. ಏನ್ ಮಾಡೋದು?

ಉತ್ತರ: ಅಮ್ಮನ ಅಭಿಪ್ರಾಯ ಬರೆದಿದ್ದೀರ, ಅಪ್ಪಂದೂ ಬರೆದಿದ್ದೀರ, ತಮ್ಮಂದು ಎಲ್ಲಿ? ಮೊದ್ಲು ಅವನನ್ನ ಕೇಳಿ. ಮಾವನ ಮನೆ ನಾಯಿ ಇಷ್ಟ ಅನ್ನೋದು ಬೇರೆ, ತನ್ನ ಮನೇಲಿ ಹಗಲು ರಾತ್ರಿ ಒಂದು ನಾಯಿ ಇರ್ಲಿ ಅನ್ನೋದು ಬೇರೆ.

ಉಪಯೋಗ ಆಗುತ್ತಾ ಅಂದ್ರೆ, ಕೆಲವರಿಗೆ ತುಂಬಾನೇ ಆಗುತ್ತೆ. ನಾವು ಮನುಷ್ಯರು ಮುಖದಲ್ಲಿ ಒಂದು ತೋರಿಸಿ, ದನೀಲಿ ಇನ್ನೊಂದು ಹೇಳಿ, ಮನಸಲ್ಲಿ ಮತ್ತೊಂದು ಇಟ್ಕೊಂಡಿರ್ತೀವಿ, ಅದನ್ನೆಲ್ಲ ಬಿಡಿಸಿ ಅರ್ಥ ಮಾಡ್ಕೊಳ್ಳೋದೇ ಆಟಿಸಂ ಇರೋ ಹುಡುಗರಿಗೆ ದಿನವಿಡೀ ಸುಸ್ತು. ನಾಯಿಗೆ ಖುಷಿ ಆದ್ರೆ ಖುಷಿ, ಹಸಿವಾದ್ರೆ ಹಸಿವು. ಕಣ್ಣಲ್ಲಿ ಕಣ್ಣಿಟ್ಟು ನೋಡು ಅನ್ನಲ್ಲ, ಬೇಗ ಉತ್ರ ಕೊಡು ಅನ್ನಲ್ಲ. ಜೊತೆಗೆ ಊಟಕ್ಕೆ, ವಾಕಿಂಗಿಗೆ ದಿನಾ ಒಂದೇ ಟೈಮ್ ಅಂದ್ರೆ ನಾಯಿಗೂ ಇಷ್ಟ, ನಿಮ್ಮ ತಮ್ಮನಂಥವರಿಗೂ ಸಾಮಾನ್ಯವಾಗಿ ಇಷ್ಟ, ಇಬ್ಬರಿಗೂ ಚೆನ್ನಾಗಿ ಹೊಂದುತ್ತೆ. ಹೊರಗೆ ಹೋದಾಗ ಯಾರಾದ್ರೂ ನಿಲ್ಲಿಸಿ ಕೇಳೋದೂ ನಾಯಿ ಹೆಸರೇನು, ಎಷ್ಟು ವರ್ಷ ಅಂತಾನೇ, ಉತ್ರ ಮೊದ್ಲೇ ಗೊತ್ತಿರೋ ಪ್ರಶ್ನೆಗಳು ಅವು, ಹಾಗಾಗಿ ಅಪರಿಚಿತರ ಹತ್ರ ನಾಲ್ಕು ಮಾತು ಅಲ್ಲಿಂದ ಶುರುವಾಗಬಹುದು. ಆಗದೇನೂ ಇರಬಹುದು, ಅದಕ್ಕೆ ಒತ್ತಾಯ ಬೇಡ.

2012ರಲ್ಲಿ ಫ್ರಾನ್ಸಿನ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, 5 ವರ್ಷ ಆದ್ಮೇಲೆ ಮನೆಗೆ ಸಾಕುಪ್ರಾಣಿ ಬಂದ ಆಟಿಸಂ ಮಕ್ಕಳಲ್ಲಿ ತಮ್ಮ ವಸ್ತು ಹಂಚಿಕೊಳ್ಳೋದು, ಬೇರೆಯವರನ್ನ ಸಮಾಧಾನ ಮಾಡೋದು ಹೆಚ್ಚಾಗಿದ್ದು ಕಂಡುಬಂತು, ಹುಟ್ಟಿದಾಗಿಂದ ಮನೇಲಿ ಪ್ರಾಣಿ ಇದ್ದ ಮಕ್ಕಳಲ್ಲಿ ಆ ವ್ಯತ್ಯಾಸ ಕಾಣ್ಲಿಲ್ಲ. ಅಧ್ಯಯನ ಚಿಕ್ಕದು, ತಂದೆತಾಯಿ ಹೇಳಿದ್ದನ್ನೇ ನೆಚ್ಚಿಕೊಂಡಿದ್ದು, ಅದನ್ನೇ ಹಿಡ್ಕೊಂಡು ನಾಯಿ ಅಂದ್ರೆ ಔಷಧಿ ಅನ್ನೋಕಾಗಲ್ಲ. ನಡೀತಿರೋ ಥೆರಪಿ ಯಾವುದನ್ನೂ ನಿಲ್ಲಿಸಬೇಡಿ. ಆಟಿಸಂಗೆ ಅಂತಾನೇ ಟ್ರೇನ್ ಮಾಡಿರೋ ಸರ್ವಿಸ್ ಡಾಗ್ ಬಗ್ಗೆ ಎಲ್ಲೋ ಓದಿ ನಮ್ಮ ಮನೆ ನಾಯಿನೂ ಹಾಗೇ ಮಾಡುತ್ತೆ ಅಂತ ಕಾಯ್ಬೇಡಿ, ಅದು ಬೇರೆ, ಸಾಕು ನಾಯಿ ಬೇರೆ.

ಇನ್ನು ಅಮ್ಮ ಹೇಳಿದ ಮರಿ. ನನ್ನ ಓಟು ಅದಕ್ಕಿಲ್ಲ. ಮರಿ ಅಂದ್ರೆ ಕೈಕಾಲು ಕಚ್ಚುತ್ತೆ, ರಾತ್ರಿ ಅಳುತ್ತೆ, ಕಂಡಕಂಡಲ್ಲಿ ಉಚ್ಚೆ, ಯಾವಾಗ ಏನು ಮಾಡುತ್ತೋ ಹೇಳೋಕಾಗಲ್ಲ. ಹಠಾತ್ ಶಬ್ದ, ವಾಸನೆ, ಒದ್ದೆ ನಾಲಿಗೆ ತಡ್ಕೊಳ್ಳೋಕಾಗದ ಹುಡುಗನಿಗೆ ಇದು ಹಿಂಸೆ. ಎರಡು ವರ್ಷ ದಾಟಿದ, ಸ್ವಭಾವ ಏನು ಅಂತ ಆಗ್ಲೇ ಗೊತ್ತಾಗಿರೋ, ಸುಮ್ಮನೆ ಬೊಗಳದ ನಾಯಿ ನೋಡಿ. ತಳಿ ಹೆಸರಿಗಿಂತ ಆ ಒಂದು ನಾಯಿಯ ಗುಣ ಮುಖ್ಯ. ಅದಕ್ಕೂ ಮುಂಚೆ ಮಾವನ ನಾಯಿನ ಒಂದು ವಾರ ನಿಮ್ಮನೇಲಿ ಇಟ್ಕೊಂಡು ನೋಡಿ, ಯಾರಿಗೆ ಏನು ಕಷ್ಟ ಅಂತ ಅಷ್ಟರಲ್ಲೇ ಗೊತ್ತಾಗುತ್ತೆ.

ಅಪ್ಪ ಬೇಡ ಅನ್ನೋದು ಕೆಲಸದ ಹೊರೆ ಯೋಚಿಸಿ ಅಂತಾದ್ರೆ ಅವರು ಹೇಳೋದ್ರಲ್ಲಿ ತಪ್ಪಿಲ್ಲ. ನಾಯಿ 10-13 ವರ್ಷ ಬದುಕುತ್ತೆ, ಲಸಿಕೆ, ಡಾಕ್ಟ್ರು, ಖರ್ಚು ಎಲ್ಲ ಇದೆ. ತಮ್ಮ ಎಷ್ಟೇ ಪ್ರೀತಿ ಮಾಡಿದ್ರೂ ಕೊನೇ ಜವಾಬ್ದಾರಿ ದೊಡ್ಡೋರದ್ದೇ. ಓದದಿದ್ರೆ ನಾಯಿನ ವಾಪಸ್ ಕಳಿಸ್ತೀವಿ ಅನ್ನೋ ಮಾತಂತೂ ತಮಾಷೆಗೂ ಬೇಡ, ಅವನು ಅದನ್ನ ನಿಜ ಅಂತಾನೇ ತಗೋಬಹುದು.

ನಾಯಿಗೂ ಒಂದು ಜಾಗ ಬೇಕು, ತಮ್ಮನಿಗೆ ಮೆಲ್ಟ್‌ಡೌನ್ (ತಡ್ಕೊಳ್ಳೋಕಾಗದೆ ಅಳು, ಕೂಗಾಟ ಶುರುವಾಗೋದು) ಆದಾಗ ಅದು ಎದ್ದು ಹೋಗಿ ಮಲಗೋಕೆ. ಆ ಹೊತ್ತಲ್ಲಿ ಸಮಾಧಾನ ಆಗ್ಲಿ ಅಂತ ನಾಯಿನ ತಬ್ಬಿಸೋಕೆ ಹೋಗ್ಬೇಡಿ, ಹೆದರಿದ ನಾಯಿ ಕಚ್ಚಬಹುದು. ಮುಖ ತಿರುಗಿಸೋದು, ಮತ್ತೆಮತ್ತೆ ತುಟಿ ನೆಕ್ಕೋದು, ಆಕಳಿಸೋದು, ಮೈ ಬಿಗಿ ಮಾಡೋದು, ಇವು ನಾಯಿ ಸಾಕು ಅಂತ ಹೇಳೋ ರೀತಿ. ಇದನ್ನ ಚಿತ್ರ ತೋರಿಸಿ ತಮ್ಮನಿಗೆ ಕಲಿಸಿ. ಉಣ್ಣುವಾಗ ಮಲಗಿದಾಗ ಮುಟ್ಟಬಾರದು ಅನ್ನೋದೂ ಸೇರಿಸಿ. ರೂಲ್ಸ್ ಅಂದ್ರೆ ರೂಲ್ಸ್ ಅನ್ನೋ ಹುಡುಗರು ಇದನ್ನ ಮನೇಲಿ ಉಳಿದವರಿಗಿಂತ ಚೆನ್ನಾಗಿ ಪಾಲಿಸ್ತಾರೆ, ನಾನು ನೋಡಿದೀನಿ.

ಎಲ್ಲ ಯೋಚಿಸಿ ನಾಯಿ ಬೇಡ ಅಂತಾದ್ರೂ ಪರವಾಗಿಲ್ಲ, ವಾರಕ್ಕೆರಡು ದಿನ ಇದೇ ಹೊತ್ತಿಗೆ ಅಂತ ಗೊತ್ತು ಮಾಡಿ ಮಾವನ ಮನೆಗೆ ಕಳಿಸಿ, ಅಲ್ಲಿ ನಾಯಿಗೆ ಊಟ ಹಾಕೋದು, ಬಾಚೋದು ಅವನ ಕೆಲಸ ಅಂತ ಮಾವನಿಗೂ ಹೇಳಿಡಿ.